ಖರಾಡಿಯ ಆಡು ಮತ್ತು ಉಂಗುರವಿಲ್ಲದ ತಟ್ಟೆ

ಕೋವಿಡ್ ವಾರ್ಡುಗಳು ಮುಚ್ಚಿದ ಮೇಲಿನ ಮೊದಲ ಜೂನ್. ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಪುಣೆಯ ಒಂದು ಧರ್ಮಾರ್ಥ ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥೆ. ಬಾಗಿಲಲ್ಲಿ ಮಕ್ಕಳ ವಾರ್ಡಿನ ಕಿರಿಯ ವೈದ್ಯ, ಮೈಸೂರಿನ ಪ್ರಣವ್ ನಿಂತಿದ್ದ. ವರದಿಗಳು ಹತ್ತು ಗಂಟೆಗೆ ಮೇಲಿನ ವಾರ್ಡುಗಳಿಗೆ ಹೋಗುವುದು ನಮ್ಮ ಪದ್ಧತಿ. ಅದನ್ನು ಮುರಿದು ಬರುವವರು ನನಗೆ ಹಿಡಿಸುತ್ತಿರಲಿಲ್ಲ.

"ಬೈದ್ಬಿಡಿ ಮೇಡಂ, ಪರವಾಗಿಲ್ಲ. ಆ ಮಗೂಗೆ ಹತ್ತು ಗಂಟೆ ತನಕ ಕಾಯೋ ಶಕ್ತಿ ಇಲ್ಲ."

ಎಂಟು ತಿಂಗಳ ಗಂಡುಮಗು. ತಾಯಿ ಮಹಾದೇವಿ ಯಾದಗಿರಿ ಕಡೆಯಿಂದ ಬಂದು ಪುಣೆಯ ಅಂಚಿನ ಖರಾಡಿಯಲ್ಲಿ ಕಟ್ಟಡದ ಕೆಲಸ ಮಾಡುವಾಕೆ. ಮಗುವಿನ ತೊಡೆಯ ಮೇಲೆ ಎದ್ದ ಕುರುವಿನಿಂದ ಸೋಂಕು ರಕ್ತಕ್ಕೆ ಇಳಿದಿತ್ತು. ಕೊಡುತ್ತಿದ್ದ ಆ್ಯಂಟಿಬಯೋಟಿಕ್‌ಗೆ ಜ್ವರ ಜಗ್ಗಿರಲಿಲ್ಲ.

ಇಂಕ್ಯುಬೇಟರಿನಿಂದ ತಟ್ಟೆ ತೆಗೆದೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ತಿಳಿಯಾದ ಉಂಗುರ ಮೂಡುತ್ತದೆ. ಇಲ್ಲಿ ಹೆಚ್ಚಿನ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ನಿಂತಿತ್ತು. ಇದು ಎಂಆರ್‌ಎಸ್‌ಎ, ಅಂದರೆ ಸಾಮಾನ್ಯ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್. ಆಸ್ಪತ್ರೆಗಳಲ್ಲಿ ಅದು ಹೊಸದಲ್ಲ. ನನ್ನ ಕಣ್ಣು ನಿಂತದ್ದು ಟೆಟ್ರಾಸೈಕ್ಲಿನ್ ಬಿಲ್ಲೆಯ ಮೇಲೆ. ಅಲ್ಲಿಯೂ ಉಂಗುರವಿಲ್ಲ. ಎಂಟು ತಿಂಗಳ ಮಗುವಿಗೆ ಯಾರೂ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ. ಅದು ದನಕರುಗಳಿಗೆ ಧಾರಾಳವಾಗಿ ಕೊಡುವ ಔಷಧ.

"ಕೊಡುತ್ತಿರುವ ಔಷಧ ಬಿಟ್ಟು ವ್ಯಾಂಕೊಮೈಸಿನ್ ಈಗಲೇ ಶುರುಮಾಡು. ನಾನೂ ಮೇಲೆ ಬರುತ್ತೇನೆ" ಎಂದೆ.

ಮಹಾದೇವಿ ಮಂಚದ ಕಂಬಿ ಹಿಡಿದು ನಿಂತಿದ್ದಳು.

"ಮನ್ಯಾಗ ದನಕರ ಏನರ ಅದಾವೇನವ್ವ?" ಎಂದು ಅವಳ ಕಡೆಯ ಮಾತಿನಲ್ಲೇ ಕೇಳಿದೆ.

"ತಗಡಿನ ಶೆಡ್ಡಿನ್ಯಾಗ ದನ ಎಲ್ಲಿ ಕಟ್ಟೂದ್ರಿ ಬಾಯಾರ. ಒಂದು ಆಡು ಅದರಿ. ನನಗ ಎದಿಹಾಲು ಕಡಿಮಿ, ಅದಕ್ಕ ಕಟ್ಕೊಂಡೀವ್ರಿ."

"ಹಾಲು ಕಾಸಿ ಕುಡಸ್ತೀಯಿಲ್ಲ?"

"ಕಾಸಿದ್ರ ಕಸುವು ಹೋಗ್ತದ್ರಿ. ಸೀದಾ ಕೂಸಿನ ಬಾಯಾಗ ಹಿಂಡ್ತೀನ್ರಿ."

ಆಡಿನ ಕೆಚ್ಚಲು ಬಾತಿತ್ತಂತೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಕ್ಯಾಪ್ಸೂಲುಗಳನ್ನು, ಅವಳು ಹೇಳಿದ ಬಣ್ಣ ನೋಡಿದರೆ ಟೆಟ್ರಾಸೈಕ್ಲಿನ್ನೇ, ಬೆಲ್ಲದಲ್ಲಿಟ್ಟು ಅದಕ್ಕೆ ತಿನ್ನಿಸಿದ್ದಳು. ಅಷ್ಟರಲ್ಲಿ ಕೂಸಿಗೆ ಕುರುವಾಗಿ ಅಲ್ಲಿನ ಡಾಕ್ಟರು ಔಷಧ ಬರೆದುಕೊಟ್ಟರು. ಅದರಲ್ಲಿ ಅರ್ಧ ಕೂಸಿಗೆ, ಅರ್ಧ ಆಡಿಗೆ.

"ಆಡಿಗ್ಯಾಕ ಕೊಟ್ಟಿ?"

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅದೂ ನನ್ನ ಕೂಸಿಗಿ ಹಾಲುಣಿಸ್ಯಾದಲ್ರಿ. ನಾ ಒಬ್ಬಾಕಿನೇ ಏನ್ರಿ ತಾಯಿ? ಅದನ್ನ ಹೆಂಗ ಬ್ಯಾರೆ ಮಾಡ್ಲಿ?"

ಅವಳು ಹೇಳಿದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದುಕೊಂಡೆ. ಇಬ್ಬರಿಗೂ ಅರೆಬರೆ ಸಿಕ್ಕ ಔಷಧದಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಪಳಗುತ್ತದೆ.

ಅಂದೇ ಮಧ್ಯಾಹ್ನ ಪರಿಚಯದ ಪಶುವೈದ್ಯೆಯೊಬ್ಬರು ಖರಾಡಿಗೆ ಹೋಗಿ ಆಡಿನ ಹಾಲಿನ ಮಾದರಿ ತಂದರು. ಹಾಲು ಯಾರಿಗೂ ಕೊಡಬೇಡಿ ಎಂದು ಅಲ್ಲಿದ್ದವರಿಗೆ ಮರಾಠಿಯಲ್ಲಿ ಹೇಳಿ ಬಂದರು. ಬುಧವಾರ ಎರಡು ತಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟೆ. ಹೆಸರಿನ ಚೀಟಿ ಇಲ್ಲದಿದ್ದರೆ ಯಾವುದು ಮಗುವಿನದು, ಯಾವುದು ಆಡಿನದು ಎಂದು ನನಗೇ ಹೇಳಲಾಗುತ್ತಿರಲಿಲ್ಲ. ಒಂದೇ ತಳಿಯೆಂದು ಖಚಿತವಾಗಿ ಹೇಳಲು ಜೀನ್ ಪರೀಕ್ಷೆ ಬೇಕು. ಅದಕ್ಕೆ ಮಾದರಿಗಳನ್ನು ಕಳಿಸಿದೆ. ಆದರೆ ಕಾಯುತ್ತ ಕೂರುವ ಹೊತ್ತಲ್ಲ ಅದು.

ಆ ಹೊತ್ತಿಗೆ ಮಗುವಿನ ಜ್ವರ ಸ್ವಲ್ಪ ತಗ್ಗಿತ್ತು. ಗಂಡನನ್ನು ಕೂಸಿನ ಹತ್ತಿರ ಕೂರಿಸಿ, ಮಹಾದೇವಿ ನನ್ನ ಮತ್ತು ಪಶುವೈದ್ಯೆಯ ಜೊತೆ ಖರಾಡಿಗೆ ಬಂದಳು. ಹೊಸ ಟವರುಗಳ ಹಿಂದೆ ಕಾರ್ಮಿಕರ ಶೆಡ್ಡುಗಳ ಸಾಲು. ಮೊದಲನೆಯ ಶೆಡ್ಡಿನ ಮುಂದೆಯೇ ನಾನು ನಿಂತುಬಿಟ್ಟೆ. ಮಹಾದೇವಿಯ ಪಕ್ಕದ ಮನೆಯ ಯಲ್ಲವ್ವ ಅದೇ ಆಡಿನ ಹಾಲು ಕರೆಯುತ್ತಿದ್ದಳು. ಓಣಿಯ ಮಕ್ಕಳು ಮುಂದೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದಿದ್ದವು. ಆಕೆ ಒಂದೊಂದರ ಬಾಯಿಗೆ ಹಾಲಿನ ಧಾರೆ ಬಿಡುತ್ತಿದ್ದಳು.

"ಬಿಡವ್ವ, ಬಿಡು ಅದನ್ನ" ಎಂದೆ. ಸೋಮವಾರ ಮರಾಠಿಯಲ್ಲಿ ಹೇಳಿದ ಮಾತು ಆಕೆಗೆ ಮುಟ್ಟಿರಲಿಲ್ಲ.

"ಮನಿಯಾಕಿ ಇಲ್ಲಂತ ಕೆಚ್ಚಲ ಬಿಗಿದು ಆಡು ಸಾಯಬೇಕೇನ್ರಿ? ಹಾಲ ಮಣ್ಣಿಗಿ ಚೆಲ್ಲಿದ್ರ ಪಾಪ ಬರ್ತದ. ಅದಕ್ಕ ಓಣಿ ಕೂಸುಗಳಿಗಿ ಹಂಚ್ಲಾಕತ್ತೀನಿ." ಪಶುವೈದ್ಯೆಯ ಚೀಲ ನೋಡಿ ಯಲ್ಲವ್ವ ನಕ್ಕಳು. "ಏನ್ರಿ, ಆಡಿಗೂ ಆಸ್ಪತ್ರಿ ಚೀಟಿ ಮಾಡಸ್ತೀರೇನು?"

ನಗುತ್ತ ಬಾಯಿಗೆ ಅಡ್ಡ ಹಿಡಿದ ಆಕೆಯ ಹೆಬ್ಬೆರಳಿನ ಮೇಲೆ ಕೀವು ತುಂಬಿದ ಹುಣ್ಣಿತ್ತು. "ಇದಾ? ಏನ್ ಹಚ್ಚಿದ್ರೂ ಮಾಯವಲ್ದು ನೋಡ್ರಿ" ಎಂದಳು.

ಆಡಿನಿಂದ ಮಗುವಿಗೋ, ಯಾವುದೋ ಕೈಯಿಂದ ಆಡಿಗೋ, ಮೊದಲು ದಾಟಿದ್ದು ಎಲ್ಲಿಂದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ವೃತ್ತಿಯುದ್ದಕ್ಕೂ ಮನುಷ್ಯರ ಮಾದರಿಗಳನ್ನಷ್ಟೇ ನೋಡಿದ್ದೆ. ಪ್ರಾಣಿಗಳದ್ದು ಬೇರೆ ಇಲಾಖೆ ಎಂದು ತಿಳಿದಿದ್ದೆ. ಬ್ಯಾಕ್ಟೀರಿಯಾಕ್ಕೆ ಇಲಾಖೆಗಳಿಲ್ಲ. ಕೆಲಸ ನನಗೆ ಕಲಿಸಿದ ಪಾಠ ಇಷ್ಟೇ, ಅದನ್ನು ಕಲಿತದ್ದು ಆ ಓಣಿಯಲ್ಲಿ.

ಪಾತ್ರೆಯಲ್ಲಿ ಉಳಿದಿದ್ದ ಹಾಲನ್ನು ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ ನೀರಿಗೆ ಸುರಿಯಬೇಕೆಂದೆ. ಯಲ್ಲವ್ವ ಪಾತ್ರೆ ಬಿಡಲಿಲ್ಲ. ಮಹಾದೇವಿಯೇ ಅದನ್ನು ಕಸಿದುಕೊಂಡಳು. "ಪಾಪ ಬಂದ್ರ ನನಗ ಬರ್ಲಿ ಅಕ್ಕ" ಎಂದು ಬಕೆಟ್ಟಿಗೆ ಬಗ್ಗಿಸಿದಳು. ಕೊನೆಯ ಹನಿ ಬೀಳುವವರೆಗೂ ಅವಳು ಮುಖ ತಿರುಗಿಸಿಯೇ ಇದ್ದಳು.

ಪಶುವೈದ್ಯೆ ಆಡಿನ ಚಿಕಿತ್ಸೆ ವಹಿಸಿಕೊಂಡು ಅದನ್ನು ಬೇರೆ ಕಟ್ಟಿಸಿದರು. ನಾನು ಯಲ್ಲವ್ವನ ಹುಣ್ಣಿನಿಂದ, ಮಹಾದೇವಿಯ ಮತ್ತು ಓಣಿಯ ಮಕ್ಕಳ ಮೂಗಿನಿಂದ ಮಾದರಿ ತೆಗೆದುಕೊಂಡೆ.

ಸಂಜೆ ಪ್ರಯೋಗಾಲಯಕ್ಕೆ ಮರಳಿದಾಗ ಪ್ರಣವ್ ಫೋನ್ ಮಾಡಿದ. "ಮೇಡಂ, ಮಗು ಜೋರಾಗಿ ಅಳ್ತಿದೆ. ಹಸಿವಂತೆ."

"ಪುಡಿಹಾಲು ಕೊಡಿ. ನೀರು ಕುದಿಸಿಯೇ ಕಲಸಿ" ಎಂದೆ.

ಓಣಿಯ ಮಾದರಿಗಳನ್ನು ತಟ್ಟೆಗಳಿಗೆ ಹಚ್ಚಿ, ಹೆಸರು ಬರೆದು, ಇಂಕ್ಯುಬೇಟರಿನೊಳಗಿಟ್ಟು ಬಾಗಿಲು ಹಾಕಿದೆ.