ಸುನಿಲನ ಹೃದಯ ಯಾಕೆ ನಿಂತಿತು? ಉತ್ತರ ಹುಡುಕಿದ ಶಿವನಂಜಮ್ಮ

ಜಯಲಕ್ಷ್ಮಿಪುರಂನ ಬೀದಿಗಳಲ್ಲಿ ಹಾಲಿನವರ ಓಡಾಟ ಈಗಷ್ಟೇ ಶುರುವಾಗಿದೆ. ಶಿವನಂಜಮ್ಮ ಆಗಲೇ ಪ್ರಯೋಗಾಲಯದ ಬೀಗ ತೆಗೆದು, ಚಪ್ಪಲಿ ಬಿಟ್ಟ ಕಾಲಲ್ಲೇ ಯಂತ್ರದ ಕಡೆ ಓಡುತ್ತಿದ್ದಾರೆ. ನಿನ್ನೆ ಸಂಜೆ ಅದರೊಳಗಿಟ್ಟು ಹೋದದ್ದು ಗಗನ ಎಂಬ ಕಾಲೇಜು ಹುಡುಗಿಯ ಡಿಎನ್‌ಎ. "ನಿದ್ದೇನೇ ಬರ್ಲಿಲ್ಲ ಕಣ್ರೀ. ರಿಸಲ್ಟ್ ಎಂಗೇ ಬರ್ಲಿ, ಗೊತ್ತಾಗ್ಬುಡ್ಬೇಕು. ಗೊತ್ತಾದ್ರೆ ತಾನೆ ಕಾಪಾಡ್ಕೊಳ್ಳೋದು?"

ಶಿವನಂಜಮ್ಮ ನಂಜನಗೂಡು ಕಡೆಯ ಬೇಸಾಯದ ಮನೆಯ ಮಗಳು. ಆಸ್ಪತ್ರೆಯಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವರು, ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದಿದರು. ಈಗ ದಿನಕ್ಕೆ ಇಪ್ಪತ್ತು ಮೂವತ್ತು ಮಾದರಿಗಳು ಅವರ ಕೈ ದಾಟಿ ಹೋಗುತ್ತವೆ. ಒಂದರ ವರದಿಯಲ್ಲೂ ಅವರ ಹೆಸರಿರುವುದಿಲ್ಲ.

ಗಗನಳ ಅಣ್ಣ ಸುನಿಲ್ ಕಳೆದ ವರ್ಷ ಕುವೆಂಪುನಗರದಲ್ಲಿ ಷಟಲ್ ಆಡುತ್ತಿದ್ದಾಗಲೇ ಕುಸಿದುಬಿದ್ದು ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯ ಸರಿಯಾಗಿಯೇ ಕಂಡಿತು. 'ಹುಡುಗ ಏನೋ ತಗೋತಿದ್ದನಂತೆ' ಎಂದು ಬೀದಿ ಗುಸುಗುಟ್ಟಿತು. ತಾಯಿ ಅಂಬುಜಮ್ಮ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು.

ಹೃದ್ರೋಗ ತಜ್ಞ ಡಾ. ನಾಗಾರ್ಜುನ ಮಾತ್ರ ಅಲ್ಲಿಗೇ ಕೈಬಿಡಲಿಲ್ಲ. ಅವರು ತರಿಸಿಕೊಟ್ಟ ಸುನಿಲನ ಹೃದಯದ ತುಣುಕು, ಕೊಳೆಯದಂತೆ ಹಾಕಿಡುವ ಫಾರ್ಮಲಿನ್ ದ್ರವದಲ್ಲಿ ನೆನೆದು, ಡಿಎನ್‌ಎ ಚೂರುಚೂರಾಗಿತ್ತು. ಅದನ್ನು ಓದಿಸಲು ಶಿವನಂಜಮ್ಮ ಎರಡು ಸಲ ಮಾಡಿದ ಪ್ರಯತ್ನವೂ ಕೈಕೊಟ್ಟಿತು. ಶವಾಗಾರದ ಫ್ರೀಜರಿನಲ್ಲಿ ಹುಡುಗನ ರಕ್ತ ಒಂದಿಷ್ಟು ಉಳಿದಿದೆಯೆಂಬ ಸುದ್ದಿ ಬಂದಾಗ "ಹೋದ ಜೀವ ಬಂದಂಗಾಯ್ತು!" ಎನ್ನುತ್ತಾರೆ ಶಿವನಂಜಮ್ಮ. ಆ ರಕ್ತದಿಂದ ಅವರು ತೆಗೆದ ಡಿಎನ್‌ಎಯಲ್ಲಿ ಹೃದಯಕ್ಕೆ ಸಂಬಂಧಿಸಿದ ಜೀನುಗಳನ್ನೆಲ್ಲ ಯಂತ್ರ ಓದಿತು. ಬಡಿತದ ಲಯ ಕಾಯುವ ಒಂದು ಜೀನಿನಲ್ಲಿ ದೋಷವಿತ್ತು. ಓಡಿದಾಗ, ಆಡಿದಾಗ ಲಯ ತಪ್ಪಿಸುವ ದೋಷ. ರಕ್ತಸಂಬಂಧದಲ್ಲಿ ಹರಿದು ಬರುವಂಥದ್ದು.

ಅದಕ್ಕೇ ಈಗ ತಂಗಿಯ ಪರೀಕ್ಷೆ. ಪರದೆಯ ಮೇಲೆ ಸಾಲುಗಳು ಮೂಡುತ್ತವೆ. ಗಗನಳಲ್ಲೂ ಅದೇ ದೋಷ! ಶಿವನಂಜಮ್ಮ ಡಾ. ನಾಗಾರ್ಜುನರಿಗೆ ಫೋನ್ ಮಾಡುತ್ತಾರೆ: "ಸಾರ್, ಸಿಕ್ಬುಡ್ತು! ಬೇಗ ಬನ್ನಿ!"

ಮಧ್ಯಾಹ್ನದ ಹೊತ್ತಿಗೆ ತಾಯಿ, ಮಗಳು ವೈದ್ಯರೆದುರು ಕೂತಿದ್ದಾರೆ. ಮಾತ್ರೆಯಿದೆ, ಕಾಪಾಡುವ ದಾರಿಯಿದೆ ಎನ್ನುತ್ತಾರೆ ವೈದ್ಯರು. ಹೊರಗೆ ಬಂದ ಗಗನ ಶಿವನಂಜಮ್ಮನನ್ನು ಕೇಳುತ್ತಾಳೆ, "ಆಟ ಬಿಡ್ಬೇಕಾ ಆಂಟಿ?"

"ಸದ್ಯಕ್ಕೆ ಬುಡವ್ವ. ಮಾತ್ರೆ ಮಾತ್ರ ಒಂದಿನಾನೂ ತಪ್ಪಿಸ್ಬೇಡ."

ಅಂಬುಜಮ್ಮ ಶಿವನಂಜಮ್ಮನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ನನ್ ಮಗ ಯಾವ ತಪ್ಪೂ ಮಾಡಿರ್ಲಿಲ್ಲ, ಅಲ್ವೇನಮ್ಮ?"

"ಇಲ್ಲ ಕಣಮ್ಮ. ತಂಗೀನ ಉಳಿಸ್ಕೊಟ್ಟು ಹೋದ."

ಆಸೆಯೇನೆಂದು ಕೇಳಿದರೆ ಶಿವನಂಜಮ್ಮ ಹೊಸ ಕೈಗವಸು ಎಳೆದುಕೊಳ್ಳುತ್ತಲೇ ಹೇಳುತ್ತಾರೆ: "ಇಂಗೆ ದಿಢೀರ್ ಅಂತ ಹೋದ ಮಕ್ಳದ್ದು ಒಂದ್ಚೂರು ರಕ್ತ ಎಲ್ಲಾ ಕಡೆ ಎತ್ತಿಡ್ಲಿ. ಮಿಕ್ಕಿದ್ದು ನಾವ್ ನೋಡ್ಕೋತೀವಿ."