ಎಂಬತ್ತು ಹೆಜ್ಜೆ

ಈ ಕತೆ ಬರೆಯುತ್ತಿರುವ ಮಹಾಶಯನ ಕಾರು ಒಂದು ಮಧ್ಯಾಹ್ನ ಹೆದ್ದಾರಿಯ ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಬುದ್ಧಿವಂತನಲ್ಲವೇ, ಎಚ್ಚರಿಕೆಯ ಕೆಂಪು ತ್ರಿಕೋನವನ್ನು ತೆಗೆದು ಕಾರಿನ ಬಂಪರ್‌ಗೇ ಒರಗಿಸಿ, ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ. ತ್ರಿಕೋನ ಕಾಣದವರಿಗೆ ತನ್ನ ಹೊಟ್ಟೆಯಾದರೂ ಕಂಡೀತು ಎಂಬ ಭರವಸೆ. ಕೆಟ್ಟ ಕಾರು ಎಳೆದೊಯ್ಯುವ ಗಾಡಿಯಿಂದ ಇಳಿದ ಮನುಷ್ಯ ತ್ರಿಕೋನವನ್ನು ನೋಡಿದ, ಹೊಟ್ಟೆಯನ್ನೂ ನೋಡಿದ. ತ್ರಿಕೋನವನ್ನು ಇವನ ಕೈಗೆ ತುರುಕಿ ಹೇಳಿದ: "ರಸ್ತೆ ಅಂಚಿನ ರೇಲಿಂಗ್ ದಾಟಿ. ಆಚೆ ಕಡೆಯಿಂದ ಹಿಂದಕ್ಕೆ ಎಂಬತ್ತು ಹೆಜ್ಜೆ ನಡೆದು ಇಡಿ. ಎಣಿಸೋಕೆ ಬರುತ್ತೆ ತಾನೆ?"

ಬರುತ್ತದೆ ಎಂದವನು ಐವತ್ತಕ್ಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದ. ರೇಲಿಂಗ್ ಹತ್ತುವಾಗ ಪ್ಯಾಂಟಿನ ಹಿಂಭಾಗ ಹರಿದದ್ದನ್ನು ಇಲ್ಲಿ ಹೇಳಬೇಕಾಗಿಲ್ಲ. ಹಿಂದೆ ಬಂದ ಎರಡು ಬಸ್ಸಿನ ಜನ ನೋಡಿದ್ದಾರೆ.

ಆ ಗಾಡಿಯವನನ್ನು ಗ್ಯಾರೇಜಿನಲ್ಲಿ ಎಲ್ಲರೂ ‘ಎಂಬತ್ತು’ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವನು ರಸ್ತೆಯಲ್ಲಿ ಕೆಟ್ಟು ನಿಂತ ಕಾರುಗಳನ್ನೂ, ಅವುಗಳ ಜೊತೆ ಕೆಟ್ಟು ನಿಂತ ಬುದ್ಧಿಗಳನ್ನೂ ನೋಡುತ್ತ ಬಂದಿದ್ದಾನೆ. ಕಾರುಗಳ ಮೇಲೆ ಅವನಿಗೆ ಸಿಟ್ಟಿಲ್ಲ. ಕಾರಿನೊಳಗೇ ಕೂತು "ಹೊರಗೆ ಬಿಸಿಲು" ಎನ್ನುವವರು, ರಸ್ತೆಗೆ ಬೆನ್ನು ಹಾಕಿ ಬಾನೆಟ್ಟಿನೊಳಗೆ ತಲೆ ತೂರಿಸಿ ಏನೂ ಅರ್ಥವಾಗದೆ ತಲೆದೂಗುವವರು, ಬ್ರೇಕ್ ಹಾಕುವ ಬದಲು ಹಾರ್ನ್ ಹೊಡೆದು ಪುಣ್ಯ ಕಟ್ಟಿಕೊಂಡೆ ಎಂದುಕೊಳ್ಳುವವರು, ಇವರನ್ನೆಲ್ಲ ಅವನು ಚಪ್ಪಲಿಗೆ ಅಂಟಿದ ಡಾಂಬರಿನ ಹಾಗೆ ನೋಡುತ್ತಾನೆ.

ಅವನಿಗೆ ಕೆಲಸ ಕಲಿಸಿದ ಹಿರಿಯನೊಬ್ಬನಿದ್ದ. ಕಾರು ಎಳೆಯುವ ಉಕ್ಕಿನ ಹಗ್ಗ ಸುತ್ತುವ ಲಿವರ್ ಗಾಡಿಯ ಎರಡೂ ಮಗ್ಗುಲಲ್ಲಿ ಇರುತ್ತದೆ. ಆ ಹಿರಿಯ ಒಂದು ದಿನ ರಸ್ತೆ ಕಡೆಯ ಲಿವರ್ ಹಿಡಿದು ನಿಂತಿದ್ದಾಗ, ಕೆಟ್ಟ ಕಾರನ್ನು ಕತ್ತು ತಿರುಗಿಸಿ ನೋಡುತ್ತ ಬಂದವನೊಬ್ಬ ಅವನನ್ನು ಒರೆಸಿಕೊಂಡು ಹೋದ; ಹಿರಿಯ ಮತ್ತೆ ಏಳಲಿಲ್ಲ. ಪೊಲೀಸರ ಮುಂದೆ ಆ ಪುಣ್ಯಾತ್ಮ ಹೇಳಿದ್ದು ಒಂದೇ ಮಾತು: "ಹಾರ್ನ್ ಹೊಡೆದಿದ್ನಲ್ಲ!"

ಮರುದಿನವೇ ಎಂಬತ್ತು ತನ್ನ ಗಾಡಿಯ ರಸ್ತೆ ಕಡೆಯ ಲಿವರನ್ನು ಗರಗಸದಿಂದ ಕೊಯ್ದು ಎಸೆದ. ಮೋಟು ಮಾತ್ರ ಉಳಿಯಿತು.

ಗ್ಯಾರೇಜಿನ ಯಜಮಾನ ಎಂಬತ್ತುವಿನ ಹೆಂಡತಿಯ ಅಣ್ಣ. ಕುರ್ಚಿ ಬಿಟ್ಟು ಏಳದೆ ರಸ್ತೆಯ ವಿಚಾರವೆಲ್ಲ ಬಲ್ಲ ಮನುಷ್ಯ. ಆ ಮೋಟು ಕಂಡರೆ ಅವನಿಗೆ ಉರಿ.

"ಅಲ್ಲಯ್ಯಾ, ನೀನು ಹೆಜ್ಜೆ ಎಣಿಸೋ ಹೊತ್ತಿಗೆ ಬೇರೆಯವರು ಎರಡು ಕಾರು ಎಳ್ಕೊಂಡು ಹೋಗಿರ್ತಾರೆ. ಇದೇನು ಮದುವೆ ಮಂಟಪವೇ ಹೆಜ್ಜೆ ಎಣಿಸಿ ನಡೆಯೋಕೆ? ಸೋಮವಾರ ಹೊಸ ಲಿವರ್ ಹಾಕಿಸ್ತೀನಿ. ಯಾವ ಕಡೆ ಬೇಗ ಆಗುತ್ತೋ ಆ ಕಡೆ ನಿಂತು ಕೆಲಸ ಮಾಡು. ಆಗಲ್ಲ ಅಂದ್ರೆ ಕೀಲಿ ಇಟ್ಟು ಹೋಗ್ತಾ ಇರು."

ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿ ಪಾತ್ರೆ ತಿಕ್ಕುತ್ತಲೇ ಅಂದಳು: "ಕೆಲಸ ಹೋದ್ರೆ ಮನೆಗೆ ಬನ್ನಿ. ರಸ್ತೆ ಕಡೆ ನಿಂತ್ಕೊಂಡ್ರೆ ಮಾತ್ರ ಬರಬೇಡಿ. ಹೇಗೂ ಬರೋಕಾಗಲ್ಲ."

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನು ಬಂತು. ಅದೇ ಹೆದ್ದಾರಿಯ ತಿರುವಿನಲ್ಲಿ ಯಜಮಾನನ ಸ್ವಂತ ಕಾರು ಕೆಟ್ಟು ನಿಂತಿತ್ತು. ಎಂಬತ್ತು ಹೋಗಿ ನೋಡಿದರೆ, ರಸ್ತೆ ಕಡೆಯ ಬಾಗಿಲು ಅಂಗಡಿ ಬಾಗಿಲಿನ ಹಾಗೆ ಹಾರುಹೊಡೆದಿದೆ. ಯಜಮಾನ ಅದರ ಪಕ್ಕದಲ್ಲೇ ನಿಂತು ಚರ್ಮದ ಬ್ಯಾಗಿನ ಧೂಳು ಒರೆಸುತ್ತಿದ್ದಾನೆ. ತ್ರಿಕೋನದ ಸುಳಿವೇ ಇಲ್ಲ.

"ಬಾ ಬಾ, ಬೇಗ ಕೊಕ್ಕೆ ಹಾಕು!"

"ಬಾಗಿಲು ಮುಚ್ಚಿ, ರೇಲಿಂಗ್ ದಾಟಿ ಭಾವ."

"ನನಗೇ ಹೇಳ್ತೀಯಾ? ಈ ಕಾಲಿಟ್ಕೊಂಡು ರೇಲಿಂಗ್ ಹತ್ತೋಕಾಗುತ್ತಾ? ಕೊಕ್ಕೆ ಹಾಕು ಅಂದೆ!"

ಎಂಬತ್ತು ತನ್ನ ಗಾಡಿಯಲ್ಲಿದ್ದ ತ್ರಿಕೋನ ಹಿಡಿದು ರೇಲಿಂಗಿನ ಆಚೆಯಿಂದ ಹಿಂದಕ್ಕೆ ನಡೆದ. ಒಂದು, ಎರಡು, ಮೂರು. ಯಜಮಾನ ಹಿಂದಿನಿಂದ ಕೂಗುತ್ತಲೇ ಇದ್ದ: "ಸೋಮವಾರದ ತನಕ ಯಾಕೆ, ಇವತ್ತೇ ನಿನ್ನ ಕೆಲಸ ಮುಗೀತು ತಿಳ್ಕೊ!" ಎಂಬತ್ತನೆಯ ಹೆಜ್ಜೆಗೆ ತ್ರಿಕೋನ ಇಟ್ಟು ವಾಪಸ್ಸು ಬಂದರೂ ಭಾವ ನಿಂತ ಜಾಗ ಬಿಟ್ಟಿರಲಿಲ್ಲ. ತಂಗಿಯ ಗಂಡನಿಗೆ ಸೋಲುವುದೇ!

ಕೆಲಸವಂತೂ ಹೋಯಿತು, ಇನ್ನು ಮರ್ಯಾದೆ ಇಟ್ಟುಕೊಂಡು ಏನಾಗಬೇಕು? ಎಂಬತ್ತು ಕೈಚಾಚಿ ಆ ಚರ್ಮದ ಬ್ಯಾಗನ್ನು ಕಿತ್ತುಕೊಂಡು ರೇಲಿಂಗಿನ ಆಚೆಗೆ, ಮುಳ್ಳುಗಿಡಗಳ ನಡುವೆ ಎಸೆದುಬಿಟ್ಟ.

"ಅಯ್ಯೋ, ನನ್ನ ಬ್ಯಾಗು! ತಲೆ ಕೆಟ್ಟಿದೆಯೇನೋ!" ಹತ್ತಲಾಗದು ಎಂದಿದ್ದ ಕಾಲುಗಳು ರೇಲಿಂಗನ್ನು ಒಂದೇ ನೆಗೆತಕ್ಕೆ ದಾಟಿದವು. ಎಂಬತ್ತುವೂ ಗಾಡಿಯ ರೇಲಿಂಗ್ ಕಡೆಯ ಲಿವರಿಗೆ ಬಂದು ನಿಂತ.

ಆಗ ಹಿಂದೆ ‘ಕಟಕ್’ ಎಂದಿತು. ಎಂಬತ್ತನೆಯ ಹೆಜ್ಜೆಯ ತ್ರಿಕೋನ ಪುಡಿಯಾದ ಸದ್ದು. ಎಂಬತ್ತು ರೇಲಿಂಗಿನ ಮೇಲಿಂದ ಉರುಳಿ ಭಾವನ ಪಕ್ಕಕ್ಕೆ ಬಿದ್ದ. ಮರುಕ್ಷಣ ಬಿಳಿಯ ಕಾರೊಂದು ಬಂದು ಯಜಮಾನನ ಕಾರಿನ ತೆರೆದ ಬಾಗಿಲನ್ನು ಕ್ಯಾಲೆಂಡರಿನ ಹಾಳೆಯ ಹಾಗೆ ಹರಿದುಕೊಂಡು, ಇಪ್ಪತ್ತು ಮಾರು ಆಚೆ ಹೋಗಿ ನಿಂತಿತು. ಯಜಮಾನ ನಿಂತಿದ್ದ ಜಾಗದಲ್ಲಿ ಈಗ ಚಕ್ರದ ಕಪ್ಪು ಗೆರೆ ಮಾತ್ರ.

ಬಿಳಿಯ ಕಾರಿನಿಂದ ಇಳಿದವನ ಕೈಯಲ್ಲಿ ಫೋನು ಇನ್ನೂ ವಿಡಿಯೊ ಹಿಡಿಯುತ್ತಲೇ ಇತ್ತು. ಕೆಟ್ಟ ಕಾರಿನ ಚಿತ್ರ ಯಾರಿಗೆ ತೋರಿಸಬೇಕಿತ್ತೋ! ಬಾಗಿಲನ್ನು ನೋಡಿ, ಇವರಿಬ್ಬರನ್ನು ನೋಡಿ, ನೊಂದವನಂತೆ ಹೇಳಿದ: "ಹಾರ್ನ್ ಹೊಡೆದಿದ್ನಲ್ಲ!"

ಎಂಬತ್ತು ಎದ್ದು, ಬ್ಯಾಗಿಗೆ ಚುಚ್ಚಿಕೊಂಡಿದ್ದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಭಾವನ ಕೈಗೆ ಕೊಟ್ಟ. ಯಜಮಾನ ಗ್ಯಾರೇಜು ಬರುವ ತನಕ ಅದನ್ನು ಎದೆಗವಚಿಕೊಂಡು ಗಾಡಿಯಲ್ಲಿ ಕೂತಿದ್ದ. ಗೇಟಿನ ಹತ್ತಿರ ಮಾತ್ರ ಯಜಮಾನಿಕೆ ನೆನಪಾಯಿತು. ಗಂಟಲು ಸರಿಮಾಡಿಕೊಂಡು, ಕಿಟಕಿಯಾಚೆ ನೋಡುತ್ತ ಕೇಳಿದ:

"ಸೋಮವಾರ ಆ ಲಿವರ್ ಏನು ಮಾಡೋದಯ್ಯಾ?"

ಎಂಬತ್ತು ಗೇರು ಬದಲಿಸುತ್ತ ಹೇಳಿದ: "ನೀವೇ ಬಂದು ಹಿಡ್ಕೊಳ್ಳೋದಾದ್ರೆ ಹಾಕಿಸಿ ಭಾವ."