ಬೀರಿನ ಹೊಟ್ಟು ತಿಂದ ಎಮ್ಮೆ

ವಾಡಿಯ ರೈಲ್ವೆ ಗೇಟು ಬಿದ್ದಿತ್ತು. ನಾನು ಕೂತ ಆಟೋದ ಮುಂದೆ ತಾಡಪತ್ರಿ ಹೊದ್ದ ಲಾರಿಯೊಂದು ನಿಂತು ಹಿಂಬದಿಯಿಂದ ತೊಟತೊಟ ನೀರು ಸೋರಿಸುತ್ತಿತ್ತು. ಗಾಳಿ ಈ ಕಡೆ ತಿರುಗಿದ್ದೇ ತಡ, ಬೇಯಿಸಿದ ಬಾರ್ಲಿಯ ಅರ್ಧ ಸಿಹಿ, ಅರ್ಧ ಹುಳಿ ವಾಸನೆ ಮೂಗಿಗೆ ಬಡಿಯಿತು. ಆಟೋದವನು ಮೂಗು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ. ಅದು ನಮ್ಮ ಎದುರು ಮನೆಯ ಆಯಿಯ ಸೆರಗಿನ ವಾಸನೆ...

ಲಾರಿಯ ಬೆನ್ನಿಗೆ ಹಸಿರು ಎಲೆಯ ಚಿತ್ರ ಬೇರೆ. ಗೇಟು ಎದ್ದಿತು. ಪರಿಸರ ಉಳಿಸುವ ಆ ಲಾರಿ ನಮ್ಮ ಮುಖದ ಮೇಲೆ ಕರಿ ಹೊಗೆ ಬಿಟ್ಟು ಹೈದರಾಬಾದಿನ ದಾರಿ ಹಿಡಿಯಿತು.

ನಾನು ಸರಕಾರಿ ಶಾಲೆಗೆ ವಿಜ್ಞಾನ ಕಲಿಸಲು ವಾಡಿಗೆ ಬಂದಾಗ ನನಗೆ ಮೊದಲು ಹಾಲು ಕೊಟ್ಟವಳು ಆಯಿ. ತವರು ದಂಡೋತಿ. ಗಂಡ ತೀರಿಕೊಂಡ ಮೇಲೆ ತವರಿನಿಂದ ಹೊಡಕೊಂಡು ಬಂದ ಒಂದು ಎಮ್ಮೆಯಿಂದ ನಾಲ್ಕು ಮಾಡಿಕೊಂಡಿದ್ದಳು. ಫರಸಿ ಕಲ್ಲು ಹಾಸಿದ ಕೊಟ್ಟಿಗೆ ಅವಳ ಅಡುಗೆಮನೆಗಿಂತ ಚೊಕ್ಕವಾಗಿರುತ್ತಿತ್ತು. ಮಗನನ್ನು ಬೈದಷ್ಟು ಜೋರಾಗಿ ಎಮ್ಮೆಗಳನ್ನು ಎಂದೂ ಬೈದವಳಲ್ಲ.

ಅದೇ ಹೊತ್ತಿಗೆ ಶಹಾಬಾದ್ ರಸ್ತೆಗೆ ಬೀರಿನ ಕಾರ್ಖಾನೆ ಬಂದಿತ್ತು. ಬಾರ್ಲಿಯನ್ನು ಬಿಸಿನೀರಲ್ಲಿ ಕಲಸಿ ರಸ ಸೋಸಿಕೊಂಡ ಮೇಲೆ ರಾಶಿ ರಾಶಿ ಹೊಟ್ಟು ಉಳಿಯುತ್ತದೆ. ಕಾರ್ಖಾನೆಯವರು ಅದನ್ನು ಕಂಪೌಂಡಿನ ಹಿಂದೆ ಸುರಿದು ಕೈ ತೊಳೆದುಕೊಂಡರು. ಮಳೆ ಬಂದರೆ ಅದು ಕೊಳೆತು ಹಳ್ಳಕ್ಕೆ, ಹಳ್ಳದಿಂದ ಕಾಗಿಣಾ ನದಿಗೆ. ನೊಣದ ಕಾಟ, ನಾತ... ಊರವರು ಅರ್ಜಿ ಕೊಟ್ಟರು. ಅಧಿಕಾರಿಗಳು ಬಂದರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನೋಡಿದರು, ಹೋದರು.

ಆಯಿ ಮಾತ್ರ ಬುಟ್ಟಿ ತಗೊಂಡು ಗೇಟಿಗೆ ಹೋದಳು. "ಕೊಳಿಸ್ಲಿಕತ್ತೀರಲ್ಲ, ನನಗ ಕೊಡ್ರಿ, ನನ್ನ ಎಮ್ಮಿ ತಿಂತಾವ" ಎಂದಳಂತೆ. ಪೀಡೆ ತೊಲಗಿದರೆ ಸಾಕೆಂದು ಅವರೂ ಕೊಟ್ಟರು. ಆಯಿ ಬಿಸಿ ಆರದ ಹೊಟ್ಟನ್ನೇ ತಂದು ಜೋಳದ ಕಣಿಕೆಯ ಜೊತೆ ಬೆರೆಸಿ ಗೋದಲಿಗೆ ಹಾಕತೊಡಗಿದಳು.

ಓಣಿಗೆ ನಗಲು ಇಷ್ಟು ಸಾಕಾಯಿತು. ಆಯಿಯ ಎಮ್ಮೆಗಳು ನಿಶಾದಲ್ಲಿವೆ, ಆ ಹಾಲು ಕುಡಿದರೆ ಮಕ್ಕಳಿಗೂ ಅಮಲೇರುತ್ತದೆ ಎಂದು ಹಬ್ಬಿಸಿದರು. ಸ್ಟೇಷನ್ ಮುಂದಿನ ಚಹಾ ಹೋಟೆಲಿನವನು ಹಾಲು ಬಿಟ್ಟ. ಮನೆಗಳೂ ಬಿಟ್ಟವು. ಅಮಲು ಹುಟ್ಟುವುದು ಸೋಸಿಕೊಂಡ ರಸದಲ್ಲಿ, ಅದೂ ಆಮೇಲೆ, ಹೊಟ್ಟಿನಲ್ಲಿ ಏನೂ ಇರುವುದಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಟೀಚರ ಮಾತು ಶಾಲೆಯ ಹೊರಗೆ ಯಾರು ಕೇಳುತ್ತಾರೆ! ಆಯಿ ಒಂದು ಬೆಳಿಗ್ಗೆ ಹೋಟೆಲಿನ ಮುಂದೆ ಬುಟ್ಟಿ ಇಟ್ಟುಕೊಂಡು ಕೂತು, ಎಲ್ಲರೆದುರು ಹಿಡಿ ಹಿಡಿ ಹೊಟ್ಟು ತಿಂದಳು. ತಿಂದು ಎದ್ದು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದಳು.

"ನೋಡ್ರಿ, ತೂಗಾಡ್ಲಿಕತ್ತೀನೇನು? ನಿಮ್ಮ ಗಂಡ್ಸೂರ ಸಂಜಿಗಿ ನಡಿಯೂದಕಿಂತ ನೆಟ್ಟಗ ನಡದೀನಿ!"

ಹೋಟೆಲಿನವನು ಮರುದಿನದಿಂದಲೇ ಹಾಲು ಹಾಕಿಸಿಕೊಂಡ. ಕೆನೆ ದಪ್ಪ ಕಟ್ಟುತ್ತಿತ್ತು. ನಕ್ಕ ಮನೆಗಳೆಲ್ಲ ಒಂದೊಂದು ಎಮ್ಮೆ ಕಟ್ಟಿ ಆಯಿಯ ಹಿಂದೆ ಬುಟ್ಟಿ ಹಿಡಿದು ಹೊರಟವು. ನೋಡನೋಡುತ್ತ ಕಂಪೌಂಡಿನ ಹಿಂದಿನ ಗುಡ್ಡೆ ಕರಗಿತು, ಹಳ್ಳದ ನಾತ ಹೋಯಿತು.

ಹಳ್ಳ ಕೆಡಿಸಿದ್ದ ಅದೇ ಕಾರ್ಖಾನೆಗೆ ಪರಿಸರದ ಪ್ರಶಸ್ತಿ ಬಂತು. ಅಲ್ಲಿಂದ ಹಾಳಾಯಿತು ನೋಡಿ. ಫೋಟೋ ತೆಗೆಯಬೇಕು, ಎಮ್ಮೆ ಹೊಡಕೊಂಡು ಬಾ ಎಂದು ಆಯಿಗೆ ಹೇಳಿ ಕಳಿಸಿದರು. ಆಯಿ ದೊಡ್ಡೆಮ್ಮೆಗೆ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ, ಗೊಂಡೆ ಕಟ್ಟಿ ಕರೆದೊಯ್ದಳು. ಗೇಟಿನ ಒಳಗೋಡೆಗೆ ದೊಡ್ಡ ಬೋರ್ಡು ಎದ್ದಿತು. ಅದರಲ್ಲಿ ಎಮ್ಮೆ ಪೂರ್ತಿ ಇತ್ತು. ಆಯಿಯದು ಹಗ್ಗ ಹಿಡಿದ ಕೈಯಷ್ಟೇ ಇತ್ತು. ನನಗೆ ಮೈಯೆಲ್ಲ ಉರಿಯಿತು. "ಇರ್ಲಿ ಬಿಡ್ರಿ ಅಕ್ಕೋರೆ, ಅದರ ಮಾರಿ ಭಾಳ ಚಂದ ಬಂದದ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಬೋರ್ಡಿನ ಬಣ್ಣ ಆರುವ ಮೊದಲೇ ಗೇಟಿನಲ್ಲಿ ತಡೆದರು. ಇನ್ನು ಮೇಲೆ ಹೊಟ್ಟು ಪೂರ್ತಿ ಒಬ್ಬನೇ ಗುತ್ತಿಗೆದಾರನಿಗಂತೆ. ಆಯಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಸರಳುಗಳ ನಡುವೆ ಬೋರ್ಡು ನೋಡುತ್ತ ನಿಂತಿದ್ದಳು. "ನನ್ನ ಎಮ್ಮಿ ಒಳಗದ ಅಕ್ಕೋರೆ, ನಾ ಹೊರಗ ಅದೀನಿ" ಎಂದಳು. ನಗುತ್ತಿದ್ದಾಳೆಂದುಕೊಂಡೆ... ನಗುತ್ತಿರಲಿಲ್ಲ.

ನಾನು ಜೊತೆಗೆ ಹೋಗಿ ಕಾರ್ಖಾನೆಯ ಸಾಹೇಬರನ್ನು ಕಂಡೆ. ಮೈಸೂರು ಕಡೆಯವರು, ಮಾತು ಬೆಣ್ಣೆ. "ನೋಡಿ ಮೇಡಂ, ಈಗ ಹೊಟ್ಟು ಎಲ್ಲಿಗೆ ಹೋಯ್ತು, ಏನಾಯ್ತು ಅಂತ ದಾಖಲೆ ತೋರಿಸ್ಬೇಕು. ಇಲ್ದಿದ್ರೆ ನಮ್ಮ ಬೀರು ಪರಿಸರಸ್ನೇಹಿ ಅಂತ ಯಾರೂ ಒಪ್ಪಲ್ಲ. ಇವರ ಎಮ್ಮೆ ರಸೀದಿ ಕೊಡುತ್ತಾ?"

"ಹಾಲು ಕೊಡ್ತದ, ಸೆಗಣಿ ಕೊಡ್ತದ" ಎಂದಳು ಆಯಿ. "ರಸೀದಿ ಕೊಡಂಗಿಲ್ರಿ."

ಸಾಹೇಬರು ಮನಸಾರೆ ನಕ್ಕು ಚಹಾ ತರಿಸಿದರು. ಪುಡಿ ಹಾಲಿನ ಚಹಾ. ಆಯಿ ಮುಟ್ಟಲಿಲ್ಲ.

ಕೆಲವು ತಿಂಗಳಿಗೆ ಅದೇ ಹೊಟ್ಟು ಒಣಗಿ, ಚೀಲ ಸೇರಿ, ಪಶು ಆಹಾರವಾಗಿ ನಮ್ಮದೇ ಬಜಾರಿನ ಅಂಗಡಿಗೆ ಬಂತು. ಆಯಿ ಚೀಲಕ್ಕೆ ಮೂಗು ಹಚ್ಚಿ ನೋಡಿ, ಬೆಲೆ ಕೇಳಿ, ಬರಿಗೈಯಲ್ಲಿ ತಿರುಗಿ ಬಂದಳು. ಬರಿ ಕಣಿಕೆ ತಿಂದ ಎಮ್ಮೆಗಳು ಹಾಲು ಕಡಿಮೆ ಮಾಡಿದವು. ಒಂದಾದ ಮೇಲೊಂದು ಮಾರಾಟವಾದವು. ಕೊನೆಗೆ ದೊಡ್ಡೆಮ್ಮೆ. ಮಾರಿದ ದನದ ಜೊತೆ ಹಗ್ಗ ಕೊಡಬಾರದೆಂಬುದು ಇಲ್ಲಿಯ ರೂಢಿ. ಸೇಡಂ ಕಡೆಯ ದಲಾಲ ತನ್ನ ಹಗ್ಗ ಹಾಕಿಕೊಂಡು ಹೊಡೆದುಕೊಂಡು ಹೋದ. ಆಯಿ ಬಿಚ್ಚಿಟ್ಟುಕೊಂಡ ತನ್ನ ಹಗ್ಗವನ್ನು ಗೂಟಕ್ಕೆ ಸುತ್ತಿದಳು, ಅವತ್ತು ಊಟ ಮಾಡಲಿಲ್ಲ. ಮುಂದಿನ ವರ್ಷ ಹೋಗಿಬಿಟ್ಟಳು. ಡಾಕ್ಟರು ಹೇಳಿದ್ದು ಬಿ.ಪಿ. ಹೇಳಲಿ. ನನಗೆ ಗೊತ್ತು ಅವಳು ಯಾತರಿಂದ ಹೋದಳೆಂದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ರೈಲ್ವೆ ಗೇಟಿನಲ್ಲಿ ಆ ಲಾರಿ ಕಂಡ ಎರಡು ದಿನಕ್ಕೇ, ಕ್ಯಾಮೆರಾ ಹಿಡಿದ ಒಬ್ಬ ಹುಡುಗ, ಒಬ್ಬ ಹುಡುಗಿ ನನ್ನ ಬಾಗಿಲು ಬಡಿದರು. ಕಾರ್ಖಾನೆಯ ಮೇಲೆ ಚಿತ್ರ ಮಾಡುತ್ತಿದ್ದಾರಂತೆ, ಬೋರ್ಡಿನಲ್ಲಿರುವ ಎಮ್ಮೆಯ ಅಜ್ಜಿ ಬೇಕಂತೆ.

"ಸತ್ತು ಹೋದರು" ಎಂದೆ.

ಹುಡುಗಿಯ ಮುಖ ನಿಜವಾಗಿಯೂ ಬಾಡಿತು. ಆಮೇಲೆ ಕೇಳಿದಳು, "ಹಾಗಾದ್ರೆ ಎಮ್ಮೆನಾದ್ರೂ ಸಿಗುತ್ತಾ ಮೇಡಂ? ಅರ್ಧ ಗಂಟೆ ಸಾಕು."

ಓಣಿಯ ಕೊಟ್ಟಿಗೆಗಳಲ್ಲೆಲ್ಲ ಮೋಟರ್‌ಸೈಕಲ್ಲುಗಳು ನಿಂತಿದ್ದವು. ಕೊನೆಗೆ ತೆಂಗಳಿಯಿಂದ ಯಾರದೋ ಎಮ್ಮೆಯನ್ನು ಟೆಂಪೋದಲ್ಲಿ ತಂದು, ಆಯಿಯ ಮಗನನ್ನು ಒಪ್ಪಿಸಿ, ಆಯಿಯ ಗೋದಲಿಗೇ ಕಟ್ಟಿದರು. ಕಾರ್ಖಾನೆಯಿಂದ ಒಂದು ಬುಟ್ಟಿ ಹೊಟ್ಟೂ ತಂದಿದ್ದರು. ಆ ಎಮ್ಮೆಗೆ ಅದರ ರುಚಿ ಗೊತ್ತಿಲ್ಲ, ಮೂಸಿ ಮುಖ ತಿರುವಿತು. ಹೇಗೋ ಮಾಡಿ ಚಿತ್ರ ತೆಗೆದುಕೊಂಡು, ಎಮ್ಮೆ ಹೇರಿಕೊಂಡು ಹೋದರು.

ಬುಟ್ಟಿ ಬಿಟ್ಟು ಹೋಗಿದ್ದರು. ಯಾರ ಮನೆಗೆ ಕೊಡಲಿ ಎಂದು ಓಣಿ ತುಂಬ ನೋಡಿದೆ. ಆಯಿ ಸತ್ತ ದಿನ ನನಗೆ ಅಳು ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಪುರಸಭೆಯ ಕಸದ ಗಾಡಿಗೆ ಆ ಹೊಟ್ಟನ್ನು ನನ್ನ ಕೈಯಾರೆ ಸುರಿಯುವಾಗ ಬಂತು.